ಕಾಕೂನ ಡಬ್ಬಿಯಲ್ಲಿ ಚಳಿಗಾಲದ ಸೂರ್ಯ

ಸಂಕ್ರಾಂತಿಯ ಆ ಮಧ್ಯಾಹ್ನ ಪಕ್ಕದ ಮನೆಯ ಕಾಕಾ ನಮ್ಮ ಮಾತು ಒಪ್ಪಿದರೋ ಇಲ್ಲವೋ, ನನಗೆ ಖಚಿತವಿಲ್ಲ. ಅವರು "ಖರೇ ಐತಿ" ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ಹೇಳುವುದು ಬೇರೆ: ಅವರು ಬಾಯಿಯನ್ನೇ ತೆರೆಯಲಿಲ್ಲ, ಚಹಾ ಇಡು ಎಂದು ಹೆಂಡತಿಗೆ ಕೈಸನ್ನೆ ಮಾಡಿದರು, ಅಷ್ಟೇ. ನಾನು ಭೌತಶಾಸ್ತ್ರ ಓದಿದವನು, ಬೆಳಗಾವಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಅದನ್ನೇ ಕಲಿಸುತ್ತೇನೆ. ಇಬ್ಬರು ಎರಡು ಮಾತು ಹೇಳಿದರೆ ಎರಡನ್ನೂ ಬದಿಗಿಟ್ಟು ಅಳೆಯಲು ಬರುವಂಥದ್ದನ್ನು ಹುಡುಕಿ ಎಂದು ತರಗತಿಯಲ್ಲಿ ಹೇಳುವವನು. ಆದರೆ ಆ ಚಳಿಗಾಲದಲ್ಲಿ ಅಳೆಯಲು ಹೊರಟವನು ನಾನೇ, ಅಳತೆಯ ಸಾಧನವನ್ನು ಮೂರು ಸಲ ಕಳೆದುಕೊಂಡವನೂ ನಾನೇ. ಆದ್ದರಿಂದ ಇಲ್ಲಿ ನೆನಪಿನಿಂದ ಬರೆದದ್ದೆಲ್ಲವನ್ನೂ ಓದುವವರು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಅಕ್ಕನ ಮನೆ ಖಾನಾಪುರದಲ್ಲಿ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಭಾವ ಗೋವಾದಲ್ಲಿ ಕೆಲಸಕ್ಕಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ. ಮನೆಯಲ್ಲಿ ಇರುವವರು ಅಕ್ಕ ಮತ್ತು ಅವಳ ಅತ್ತೆ. ಆ ಹಿರಿಯರನ್ನು ನಾವೆಲ್ಲ ಆಯಿ ಎನ್ನುತ್ತೇವೆ. ಅಕ್ಕ ಹಪ್ಪಳ, ಸಂಡಿಗೆ, ಶಾವಿಗೆ ಮಾಡಿ ಬೆಳಗಾವಿಯ ಅಂಗಡಿಗಳಿಗೆ ಕೊಡುತ್ತಾಳೆ. ಓಣಿಯ ಕೆಲವು ಹೆಣ್ಣುಮಕ್ಕಳು ಅವಳ ಜೊತೆ ಲಟ್ಟಿಸಲು ಬರುತ್ತಾರೆ. ಖಾನಾಪುರದ ಮಳೆ ಕಂಡವರಿಗೆ ಈ ಕೆಲಸದ ಪಾಡು ಗೊತ್ತು. ಮಳೆಗಾಲವಿಡೀ ಒಂದು ಸಂಡಿಗೆಯೂ ಗರಿಗರಿಯಾಗುವುದಿಲ್ಲ. ದಸರೆ ದಾಟಿ ಆಕಾಶ ತೆರೆದ ಮೇಲೆಯೇ ಅವಳ ಕೆಲಸಕ್ಕೆ ಜೀವ ಬರುವುದು. ಅದೂ ಬೆಳಗಿನ ಬಿಸಿಲಿಗೆ ಮಾತ್ರ, ಏಕೆಂದರೆ ಮಧ್ಯಾಹ್ನವಾಗುತ್ತಲೇ ಪಡುವಣದ ಹುಣಸೆಮರದ ನೆರಳು ಅವಳು ಸಂಡಿಗೆ ಒಣಗಿಸುವ ಮಾಳಿಗೆಯನ್ನೆಲ್ಲ ತುಂಬುತ್ತದೆ.

ಆ ಮಾಳಿಗೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ನಿಂತರೆ ಎದುರಿಗೆ ಬಯಲು. ಬಲಗಡೆ, ಆಗ್ನೇಯಕ್ಕೆ, ಗೋಡೆಗೆ ಗೋಡೆ ತಾಗಿಕೊಂಡು ಕಾಕಾ ಅವರ ಒಂದಂತಸ್ತಿನ ಮನೆ. ಕಾಕಾ ನಿವೃತ್ತ ಬಸ್ ಚಾಲಕರು. ಮನೆಯಲ್ಲಿ ಅವರೂ ಅವರ ಹೆಂಡತಿ ಕಾಕೂ ಅವರೂ ಮರಾಠಿ ಮಾತಾಡುತ್ತಾರೆ, ನಮ್ಮ ಜೊತೆ ಕನ್ನಡ. ಆ ವರ್ಷ ದಸರೆಯ ಹೊತ್ತಿಗೆ ಅವರು ಮೇಲೊಂದು ಅಂತಸ್ತು ಎಬ್ಬಿಸುವುದಾಗಿ ಹೇಳಿದರು. ಗೋಡೆ ನಮ್ಮ ಮಾಳಿಗೆಯ ಅಂಚಿನಿಂದಲೇ ಏಳುವುದಿತ್ತು. ಅಕ್ಕ ಅಂದೇ ನನಗೆ ಫೋನ್ ಮಾಡಿದಳು. ಅವಳು ಅಳುವವಳಲ್ಲ, ಅವತ್ತೂ ಅಳಲಿಲ್ಲ. "ಥಂಡಿ ದಿನದಾಗ ಬಿಸಲು ಅವರ ಮನಿ ಮ್ಯಾಲಿಂದ ಬರ್ತೈತಿ. ಅದು ಹೋತಂದ್ರ ನನ್ನ ಕೆಲಸ ಹೋತು" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ನಾನು ಹೋಗಿ ಕಾಕಾ ಅವರ ಪಡಸಾಲೆಯಲ್ಲಿ ಕುಳಿತು, ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು, ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿಯುವುದನ್ನು ವಿವರಿಸಿದೆ. ಕಾಕಾ ಸಮಾಧಾನದಿಂದಲೇ ಕೇಳಿದರು.

"ನನ್ನ ಅರ್ಧ ಆಯುಷ್ಯ ಗಾಡಿ ಹೊಡಿಯೂದ್ರಾಗ ಹೋತು ಮಾಸ್ತರ," ಎಂದರು. "ಮುಂಜಾನಿ ಬೆಳಗಾವಿ ಗಾಡಿ ತಗೊಂಡು ಹೊಂಟ್ರ ಬಿಸಲು ಬಲಗಡಿ ಕಿಡಕ್ಯಾಗ. ಬ್ಯಾಸಗಿ ಇರಲಿ ಥಂಡಿ ಇರಲಿ, ಬಲಗಡಿ ಅಂದ್ರ ಬಲಗಡಿ. ಸೂರ್ಯಾ ಮೂಡಣದಾಗ ಹುಟ್ಟತಾನ. ನಿಮ್ಮ ಮೂಡಣದಾಗ ಬಯಲ ಐತಿ. ನನ್ನ ಮನಿ ಏನ ಅಡ್ಡ ನಿಮಗ?"

ಅಕ್ಕನ ಮಾಳಿಗೆಗೆ ಬಂದು ಒಂದು ಮುಂಜಾನೆ ನೋಡಿ ಎಂದೆ. ಮೊಣಕಾಲು ನೋವು ಎಂದರು. ನೋವಿಗಿಂತ ಹೆಚ್ಚಾಗಿ ಮರ್ಯಾದೆಯ ಪ್ರಶ್ನೆ ಎಂದು ನನಗನ್ನಿಸಿತು. ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದೆ. ಅವರು ನಕ್ಕು, ತಮ್ಮ ಮೊಮ್ಮಗ ಇಂಥದೇ ಫೋನಿನಲ್ಲಿ ತಮಗೆ ಮೀಸೆ ಅಂಟಿಸಿ, ತಲೆಗೆ ಕೊಂಬು ಹಚ್ಚಿ ತೋರಿಸಿದ್ದನ್ನು ಹೇಳಿದರು. ಅಲ್ಲದೆ ಒಂದು ದಿನದ ಸೂರ್ಯ ಇಡೀ ಚಳಿಗಾಲದ ಲೆಕ್ಕ ಹೇಗಾದೀತು ಎಂದೂ ಕೇಳಿದರು. ಆ ಪ್ರಶ್ನೆಗೆ ನಾನು ತಲೆಬಾಗಬೇಕಾಯಿತು. ನನ್ನ ವಿದ್ಯಾರ್ಥಿ ಕೇಳಿದ್ದರೆ ಮೆಚ್ಚುತ್ತಿದ್ದೆ.

ಹೊರಡುವಾಗ ಅವರು ಹೇಳಿದ್ದು ಮಾತ್ರ ನನಗೂ ಅಕ್ಕನಿಗೂ ಒಂದೇ ರೀತಿ ನೆನಪಿದೆ. "ಧನುರ್ಮಾಸದಾಗ ಹೆಂಗೂ ಕೆಲಸ ಹಿಡಿಯಾಂಗಿಲ್ಲ. ಸಂಕ್ರಾಂತಿ ಆದ ಮ್ಯಾಲ ಗೌಂಡಿ ಬರ್ತಾನ. ಅಲ್ಲೀತನಕಾ ಟೈಮ್ ಐತಿ ನಿಮಗ. ನಿಮ್ಮ ಸೂರ್ಯಾನ್ನ ನನ್ನ ಮನಿಗೆ ಕರಕೊಂಡ ಬಂದು ತೋರಸ್ರಿ."

ಅವರು ಚೇಷ್ಟೆಗೆ ಅಂದದ್ದು. ಆದರೆ ಪೀರನವಾಡಿಯ ನನ್ನ ಬಾಡಿಗೆ ಕೋಣೆಗೆ ಮರಳುವ ಬಸ್ಸಿನಲ್ಲಿ ಆ ಮಾತನ್ನೇ ಹಿಡಿದುಕೊಂಡೆ. ಸೂರ್ಯನನ್ನು ಕರೆದುಕೊಂಡು ಬರುವ ದಾರಿ ಒಂದಿತ್ತು. ಒಂದು ಮುಚ್ಚಿದ ಡಬ್ಬಿ, ಅದರ ಬದಿಗೆ ಸೂಜಿಮೊನೆಯ ರಂಧ್ರ, ಒಳಗೆ ಎದುರು ಗೋಡೆಗೆ ಬಾಗಿಸಿ ಇಟ್ಟ ಹಳೆಯ ಫೋಟೋ ಕಾಗದ. ಮಸೂರವಿಲ್ಲ, ಗುಂಡಿಯಿಲ್ಲ. ಡಬ್ಬಿಯನ್ನು ಒಂದು ಕಂಬಕ್ಕೆ ಕಟ್ಟಿ ವಾರಗಟ್ಟಲೆ ಬಿಟ್ಟರೆ ಸೂರ್ಯ ದಿನಕ್ಕೊಂದು ಗೆರೆ ಎಳೆಯುತ್ತ ಹೋಗುತ್ತಾನೆ. ಕಾಗದ ಬಾಗಿರುವುದರಿಂದ ಕಣ್ಣಳತೆಗೆ ಸಿಗದಷ್ಟು ಅಗಲದ ದೃಶ್ಯ ಅದರ ಮೇಲೆ ಮೂಡುತ್ತದೆ. ಬಯಲು, ಕಾಕಾ ಅವರ ಚಾವಣಿ, ಅದರಾಚೆಯ ಆಕಾಶ ಎಲ್ಲ ಒಂದೇ ಕಾಗದದ ಮೇಲೆ. ಅದನ್ನು ತೊಳೆಯುವ ರಸಾಯನವೂ ಬೇಡ, ಬೆಳಕೇ ಸುಟ್ಟು ಗೆರೆ ಕಾಣಿಸುತ್ತದೆ. ಮುಖ್ಯವಾಗಿ, ಅದರಲ್ಲಿ ಯಾರೂ ಮೀಸೆ ಅಂಟಿಸಲು ಬರುವುದಿಲ್ಲ.

ಕಾಗದ ಸಿಕ್ಕಿದ್ದು ಖಡೇಬಜಾರದ ಹಳೆಯ ಸ್ಟುಡಿಯೊದಲ್ಲಿ. ಅದರ ಮಾಲೀಕರಾದ ಚಾಚಾ ಕಪಾಟಿನ ತಳದಿಂದ ಕಪ್ಪು ಪೊಟ್ಟಣವೊಂದನ್ನು ತೆಗೆದರು. "ತಾರೀಖ್ ಮುಗದು ಭಾಳ ದಿನ ಆತು ಮಾಸ್ತರ. ನನ್ನ ಹಂಗ ಮುದುಕ ಆಗೈತಿ. ಬೆಳಕ ಕಂಡ್ರ ಸಿಟ್ಟ ಬರ್ತೈತಿ ಇದಕ್ಕ, ಜ್ವಾಪಾನ ಮಾಡ್ರಿ" ಎಂದರು. ಒಳಗೆ ಕೆಲವೇ ಹಾಳೆ ಉಳಿದಿದ್ದವು.

ಮೊದಲ ಸಲ ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿ ಬಳಸಿದೆ. ರಂಧ್ರ ಕೊರೆದು, ಕಾಗದ ಸುತ್ತಿ, ಬಾಯಿಗೆ ಟೇಪು ಬಿಗಿದು ಅಕ್ಕನ ಮಾಳಿಗೆಯ ನೀರಿನ ಟಾಕಿಯ ಪೈಪಿಗೆ ಕಟ್ಟಿದೆ. ಆ ವಾರವೇ, ಹೋಯಿತು ಎಂದುಕೊಂಡಿದ್ದ ಮಳೆ ತಿರುಗಿ ಬಂತು. ಬಿಚ್ಚಿದಾಗ ಒಳಗೆ ನೀರು. ಕಾಗದದ ಮೇಲಿನ ಲೇಪ ಉಬ್ಬಿ, ಡಬ್ಬಿಗೆ ಅಂಟಿಕೊಂಡು, ಹಾಲಿನ ಕೆನೆಯ ಹಾಗೆ ಕೈಗೆ ಬಂತು.

ಎರಡನೆಯ ಸಲ ಇಂಥದೇ ಇನ್ನೊಂದು ಡಬ್ಬಿಗೆ ಮೇಲೊಂದು ತಗಡಿನ ಟೊಪ್ಪಿಗೆ ಮಾಡಿ ಕಟ್ಟಿದೆ. ನೀರು ಬರಲಿಲ್ಲ. ದೀಪಾವಳಿ ಕಳೆದು ಬಿಚ್ಚಿ ನೋಡಿದರೆ ಕಾಗದದ ಮೇಲೆ ಮಸುಕು ಕಲೆಯೊಂದೇ. ತುಂಬ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಅರ್ಥವಾಯಿತು: ಲೇಪದ ಮುಖವನ್ನು ಡಬ್ಬಿಯ ಗೋಡೆಯ ಕಡೆಗೆ ಹಾಕಿ, ಬೆನ್ನನ್ನು ಸೂರ್ಯನಿಗೆ ಕೊಟ್ಟಿದ್ದೆ. ಕತ್ತಲಲ್ಲಿ ಕಾಗದ ತುಂಬುವಾಗ ಯಾವುದು ಮುಖ, ಯಾವುದು ಬೆನ್ನು ಎಂದು ತಿಳಿಯಲು ಮೂಲೆಯನ್ನು ತೇವದ ತುಟಿಗೆ ತಾಗಿಸಬೇಕು, ಅಂಟುವುದು ಮುಖ. ನಾನು ತಾಗಿಸಿದ್ದೆ. ತುಟಿಗೆ ಅಂಟಿದ್ದೂ, ಅದರ ಕಹಿಯೂ ಸ್ಪಷ್ಟವಾಗಿ ನೆನಪಿತ್ತು. ಕಾಗದ ಮಾತ್ರ ಬೇರೆ ಹೇಳುತ್ತಿತ್ತು. ಬಹುಶಃ ಅದು ಮೊದಲ ಸಲದ ನೆನಪು, ಎರಡನೆಯ ಸಲಕ್ಕೆ ಅಂಟಿಕೊಂಡದ್ದು. ಕಾಕಾ ಅವರ ಬಲಗಡೆಯ ಕಿಟಕಿಯನ್ನು ನಂಬದ ನಾನು ನನ್ನ ತುಟಿಯನ್ನು ನಂಬಿದ್ದೆ.

ಅಷ್ಟರಲ್ಲಿ ಕಾಕಾ ಅವರ ಮನೆಮುಂದೆ ಇಟ್ಟಿಗೆ ಬಂದು ಬಿದ್ದಿತ್ತು. ಕಬ್ಬಿಣದ ಸರಳುಗಳೂ ಬಂದವು. ಅಕ್ಕ ಲಟ್ಟಿಸಲು ಬರುವವರಿಗೆ, ಸಂಕ್ರಾಂತಿ ನಂತರ ಬೇರೆ ಕೆಲಸ ನೋಡಿಕೊಳ್ಳಿ ಎಂದು ಹೇಳಿಬಿಟ್ಟಿದ್ದಳು. ನನಗೆ ಇದು ಗೊತ್ತಾದದ್ದು ಆಯಿಯಿಂದ. ಅಕ್ಕನನ್ನು ಕೇಳಿದರೆ, "ನೀ ನಿನ್ನ ಡಬ್ಬಿ ಕಟ್ಟು. ನಾ ನನ್ನ ಮಂದೀಗೆ ಸುಳ್ಳ ಆಸೆ ಹಚ್ಚಾಂಗಿಲ್ಲ" ಎಂದಳು. ನನ್ನ ಮೇಲೆ ಅವಳಿಗೆ ಉಳಿದ ಭರವಸೆ ಎಷ್ಟು ಎಂಬುದು ಅದರಲ್ಲೇ ಇತ್ತು.

ಕಾಲೇಜಿನಲ್ಲಿ ಪಾಠ ಮಾಡುತ್ತಿರುವಾಗಲೂ ತಲೆಯಲ್ಲಿ ಡಬ್ಬಿಯೇ ತಿರುಗುತ್ತಿತ್ತು. ಪೊಟ್ಟಣದಲ್ಲಿ ಒಂದೇ ದೊಡ್ಡ ಹಾಳೆ ಉಳಿದಿತ್ತು. ಅದಕ್ಕೆ ತಕ್ಕ ಎತ್ತರದ ದುಂಡು ಡಬ್ಬಿ ಬೇಕು. ಚಿತ್ರ ದೊಡ್ಡದಾದರೆ ಕಾಕಾ ಚಷ್ಮಾ ಹಾಕಿಕೊಂಡಾದರೂ ನೋಡಬಲ್ಲರು. ಅಕ್ಕನ ಅಡುಗೆಮನೆಯ ಅಟ್ಟದ ಮೇಲೆ ಅಂಥದೊಂದು ಕಂಡಿತು, ಹೊರಗೆ ಕೆಂಪು ಹೂವಿನ ಚಿತ್ರವಿದ್ದ ತಗಡಿನ ಡಬ್ಬಿ. ಅಕ್ಕ ಹಿಟ್ಟು ನಾದುತ್ತಿದ್ದಳು. ಖಾಲಿ ಇದೆಯೇ ಎಂದೆ. ತಲೆಯೆತ್ತದೆ, ಖಾಲಿ ಐತಿ ತಗೋ ಎಂದಳು. ಅದು ಯಾರ ಡಬ್ಬಿ ಎಂದು ನಾನು ಕೇಳಲಿಲ್ಲ. ಅವಳಿಗೂ ಹೊಳೆಯಲಿಲ್ಲ.

ಈ ಸಲ ಪ್ರತಿ ಹೆಜ್ಜೆಯನ್ನೂ ಎರಡೆರಡು ಸಲ ಮಾಡಿದೆ. ಉದ್ಯಮಬಾಗದ ಅಂಗಡಿಯಿಂದ ಹೊಳಪಿಲ್ಲದ ಕಪ್ಪು ಬಣ್ಣ ತಂದು ಡಬ್ಬಿಯ ಒಳಗೆ ಬಳಿದೆ. ಬದಿಯಲ್ಲಿ ಚಿಕ್ಕ ಚೌಕ ಕತ್ತರಿಸಿ, ಅಲ್ಯುಮಿನಿಯಂ ತುಂಡಿಗೆ ಸೂಜಿಯಿಂದ ರಂಧ್ರ ಮಾಡಿ, ಮರಳುಕಾಗದದಿಂದ ಅದರ ಅಂಚು ಸವೆಸಿ, ಅಲ್ಲಿ ಅಂಟಿಸಿದೆ. ತಗಡು ದಪ್ಪವಾದರೆ ಓರೆಯಾಗಿ ಬರುವ ಬೆಳಕು ರಂಧ್ರದ ಗೋಡೆಗೆ ಬಡಿದು ಸಾಯುತ್ತದೆ, ಆಗ ಅಗಲದ ಚಿತ್ರದ ಎರಡೂ ಬದಿ ಕತ್ತಲಾಗುತ್ತದೆ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸುಮಾರು ಅರ್ಧ ಮಿಲಿಮೀಟರ್, ದುಂಡಗೆ ಇತ್ತು. ಬದಿಗಳಲ್ಲಿ ಬೆಳಕು ಸೊರಗಬಹುದೆಂಬ ಭಯವಿತ್ತು. ಲೆಕ್ಕ ಹಾಕಿದರೆ, ಪೂರ್ಣ ದುಂಡಾದ ಡಬ್ಬಿಯಲ್ಲಿ ಹಾಗಾಗುವುದಿಲ್ಲ: ಓರೆಯಾದಷ್ಟೂ ಬೆಳಕು ತೆಳುವಾಗುತ್ತದೆ ನಿಜ, ಆದರೆ ಓರೆಯಾದಷ್ಟೂ ಕಾಗದ ರಂಧ್ರಕ್ಕೆ ಹತ್ತಿರವಾಗುತ್ತದೆ. ಒಂದು ಕಳೆದದ್ದನ್ನು ಇನ್ನೊಂದು ತುಂಬುತ್ತದೆ. ಆ ಇಡೀ ತಿಂಗಳಲ್ಲಿ ನನಗೆ ಸಮಾಧಾನ ಕೊಟ್ಟ ಸಂಗತಿ ಅದೊಂದೇ.

ರಂಧ್ರವನ್ನು ನಡುವೆ ಮಾಡದೆ ಮೇಲ್ಭಾಗಕ್ಕೆ ಮಾಡಿದೆ. ಡಬ್ಬಿಯೊಳಗೆ ಎಲ್ಲವೂ ತಲೆಕೆಳಗು. ಆಕಾಶ ಕಾಗದದ ಕೆಳಗೆ ಬೀಳುತ್ತದೆ, ನೆಲ ಮತ್ತು ಚಾವಣಿ ಮೇಲಿನ ಅಂಚಿಗೆ. ನನಗೆ ಆಕಾಶ ಹೆಚ್ಚು ಬೇಕಿತ್ತು. ಈ ವಿವರ ಮುಂದೆ ಬೇಕಾಗುತ್ತದೆ.

ಮಾರ್ಗಶಿರದ ಮೊದಲಲ್ಲಿ ಅದನ್ನು ಪೈಪಿಗೆ ಕಟ್ಟಿ, ರಂಧ್ರವನ್ನು ಆಗ್ನೇಯಕ್ಕೆ ತಿರುಗಿಸಿ, ಟೇಪಿನ ಮುಚ್ಚಳ ತೆಗೆದೆ. ಡಬ್ಬಿಯನ್ನು ಸಂಕ್ರಾಂತಿಯವರೆಗೆ ಯಾರೂ ಮುಟ್ಟಬಾರದು ಎಂದು ಅಕ್ಕನಿಗೂ ಆಯಿಗೂ ಹೇಳಿದೆ. ಹೇಳಿದೆ ಎಂದು ನನ್ನ ನೆನಪು.

ಆಮೇಲೆ ಮಾಡಲು ಏನೂ ಇರಲಿಲ್ಲ, ಅದೇ ಎಲ್ಲಕ್ಕಿಂತ ಕಷ್ಟದ್ದು. ಬೆಳಗಾವಿಯಲ್ಲಿ ಮುಂಜಾನೆ ಮಂಜು ಕವಿದರೆ ಖಾನಾಪುರದಲ್ಲಿ ಇನ್ನೂ ದಟ್ಟವಿರುತ್ತದೆ ಎಂದುಕೊಳ್ಳುತ್ತಿದ್ದೆ. ಗಾಳಿ ಬೀಸಿದರೆ ಡಬ್ಬಿ ತಿರುಗಿರಬಹುದು, ಜೇಡ ರಂಧ್ರಕ್ಕೆ ಬಲೆ ಕಟ್ಟಿರಬಹುದು. ಈ ಸಲವೂ ಲೇಪದ ಮುಖ ತಪ್ಪಿದ್ದರೆ? ತುಟಿಗೆ ತಾಗಿಸಿದ್ದೆ, ಎರಡು ಸಲ. ಆದರೆ ಹಿಂದಿನ ಸಲವೂ ಹಾಗೆಯೇ ನೆನಪಿತ್ತಲ್ಲ. ಬಿಚ್ಚಿ ನೋಡುವಂತಿಲ್ಲ, ನೋಡಿದರೆ ಅದೇ ಕೊನೆ. ವಾರಕ್ಕೊಮ್ಮೆ ಹೋಗಿ ಕೆಳಗಿನಿಂದಲೇ ಅದನ್ನು ನೋಡಿ ಬರುತ್ತಿದ್ದೆ. ಕಾಕಾ ತಮ್ಮ ಬಾಗಿಲಲ್ಲಿ ಕುಳಿತು ನನ್ನನ್ನು ನೋಡುತ್ತಿದ್ದರು. ನಾವು ಮಾತಾಡುತ್ತಿರಲಿಲ್ಲ.

ಸಂಕ್ರಾಂತಿಯ ದಿನ ಮಧ್ಯಾಹ್ನಕ್ಕೆ ಮುಂಚೆ ಖಾನಾಪುರ ಮುಟ್ಟಿದೆ. ನೇರ ಮಾಳಿಗೆ ಹತ್ತಿದೆ. ಪೈಪಿಗೆ ಸುತ್ತಿದ್ದ ತಂತಿ ಮಾತ್ರ ಜೋತಾಡುತ್ತಿತ್ತು.

ಕೆಳಗೆ ಬಂದಾಗ ಆಯಿ ಹೊಸ ಸೀರೆ ಉಟ್ಟು ಪಡಸಾ‌ಲೆಯಲ್ಲಿ ಕುಳಿತಿದ್ದರು. ಮೇಲೆ ಕಟ್ಟಿದ್ದ ಡಬ್ಬಿ ಎಲ್ಲಿ ಎಂದು ಕೇಳಿದೆ.

"ಅದು ಕಾಕೂನ ಡಬ್ಬಿ ಅಲ್ಲೇನಪಾ? ದೀಪಾವಳ್ಯಾಗ ಫರಾಳ ಕೊಟ್ಟ ಕಳಿಸಿದ್ದು," ಎಂದರು ಆಯಿ. "ಅಟ್ಟದ ಮ್ಯಾಲ ಹುಡುಕಿ ಹುಡುಕಿ ಸಾಕಾತು ನನಗ. ನೋಡಿದ್ರ ನೀ ಅದನ್ನ ಪೈಪಿಗೆ ನೇಣ ಹಾಕಿದ್ದಿ. ಸಂಕ್ರಾಂತಿ ದಾಟಿ ಮಂದಿ ಡಬ್ಬಿ ಮನ್ಯಾಗ ಇಟಗೊಬಾರದು. ಕುಸುರೆಳ್ಳು ತುಂಬಿ ಕೊಟ್ಟ ಬಂದ್ನಿ."

ಎರಡು ಮನೆಗಳ ನಡುವೆ ಮಾತು ನಿಂತಿದ್ದರೂ ದೀಪಾವಳಿಯ ಚಿವಡಾ, ಚಕ್ಕುಲಿ ನಿಂತಿರಲಿಲ್ಲ. ಬಂದ ಡಬ್ಬಿಯನ್ನು ಬರಿದಾಗಿ ಮರಳಿಸುವುದು ನಮ್ಮ ಕಡೆ ಇಲ್ಲ; ಅದರಲ್ಲಿ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಮನಸ್ತಾಪವಿದ್ದಾಗ ಈ ಪದ್ಧತಿಯನ್ನು ಇನ್ನೂ ಕಟ್ಟುನಿಟ್ಟಾಗಿ ನಡೆಸುತ್ತಾರೆ, ಬೆರಳು ತೋರಿಸಲು ಎದುರಿನವರಿಗೆ ಎಡೆ ಸಿಗಬಾರದೆಂದು. ಒಳಗೆ ಕಾಗದ ಇತ್ತಲ್ಲ ಎಂದು ಕೇಳುವಾಗ ನನ್ನ ಧ್ವನಿ ಏರಿರಬೇಕು, ಅಕ್ಕ ಒಳಗಿನಿಂದ ಓಡಿ ಬಂದಳು.

"ಇತ್ತು. ಚೊಲೋ ದಪ್ಪ ಕಾಗದ," ಎಂದರು ಆಯಿ. "ಡಬ್ಬಿ ಒಳಗೆಲ್ಲಾ ಮಸಿ ಹಿಡದಿತ್ತು, ಅದಕ್ಕ ಸುತ್ತ ಕಾಗದ ಹಾಕಿದ್ದಿ ಅಂತ ಹಂಗ ಬಿಟ್ನಿ. ತಳಕ್ಕ ಬಾಳಿ ಎಲಿ ಹಾಸಿ ಕುಸುರೆಳ್ಳು ಸುರುವಿದ್ನಿ. ಇವಂಗಾದ್ರೂ ಇಷ್ಟ ಬುದ್ಧಿ ಐತಲ್ಲ ಅಂದ್ಕೊಂಡ್ನಿ."

ಮುಟ್ಟಬೇಡಿ ಎಂದು ಹೇಳಿದ್ದೆನಲ್ಲ ಎಂದೆ. "ನಿಮ್ಮ ಅಕ್ಕಗ ಹೇಳಿದ್ದಿ. ನನ್ನ ಕಡಿ ನೋಡಿದ್ದಿ ಖರೇ, ಹೇಳಲಿಲ್ಲ" ಎಂದರು ಆಯಿ. ಅಕ್ಕ ಯಾರ ಪರವೂ ವಹಿಸಲಿಲ್ಲ. ಗೋಡೆಗೆ ಒರಗಿ ನಿಂತು, ಹೋಗಲಿ ಬಿಡು ತಮ್ಮಾ ಎಂದಳು. ಆ ಮಾತಿನಿಂದಲೇ ನನಗೆ ನಿಲ್ಲಲಾಗಲಿಲ್ಲ. ಅವಳ ಕೈ ಹಿಡಿದುಕೊಂಡೇ ಪಕ್ಕದ ಮನೆಗೆ ಹೋದೆ.

ಬಾಗಿಲಲ್ಲಿ ಕಾಕೂ ನಮ್ಮನ್ನು ಕಂಡು ಗಲಿಬಿಲಿಗೊಂಡರು. ಆದರೆ ಸಂಕ್ರಾಂತಿಯ ದಿನ ಬಂದವರನ್ನು ಹೊರಗೆ ನಿಲ್ಲಿಸುವಂತಿಲ್ಲ. "ಬರ್ರಿ, ಕುಂದರ್ರಿ" ಎಂದು, ಒಳಗಿನಿಂದ ಡಬ್ಬಿಯನ್ನೇ ತಂದರು. ಕೆಂಪು ಹೂವಿನ ಅದೇ ಡಬ್ಬಿ. ಮುಂಜಾನೆಯಿಂದ ಬಂದುಹೋದವರಿಗೆಲ್ಲ ತಮ್ಮ ಎಳ್ಳುಬೆಲ್ಲದ ಜೊತೆ ಒಂದು ಚಿಟಿಕೆ ಇದರಿಂದಲೂ ಕೊಟ್ಟಿದ್ದರೆಂದು ಕಾಣುತ್ತದೆ. ಮುಚ್ಚಳ ತೆಗೆದರು. ಕಿಟಕಿಯ ಬೆಳಕು ನೇರವಾಗಿ ಒಳಗೆ ಬಿತ್ತು. ಕಾಗದದ ಮೇಲಂಚು ಸಕ್ಕರೆ ಪಾಕ ಕಟ್ಟಿದ ಬಿಳಿ ಕುಸುರೆಳ್ಳಿನಿಂದ ಹೊರಗೆ ಇಣುಕುತ್ತಿತ್ತು, ಕಂದುಬಣ್ಣಕ್ಕೆ ತಿರುಗಿ. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು" ಎಂದರು. ನಾನು ಕೈ ಚಾಚುವ ಬದಲು ಎರಡೂ ಅಂಗೈಯಿಂದ ಡಬ್ಬಿಯ ಬಾಯಿ ಮುಚ್ಚಿದೆ.

ಕಾಕಾ ಒಳಕೋಣೆಯಿಂದ ಬಂದಾಗ ನಾನು ಹಾಗೆಯೇ ನಿಂತಿದ್ದೆ. ಎಲ್ಲವನ್ನೂ ಹೇಳಬೇಕಾಯಿತು. ಹೇಳುತ್ತಿದ್ದಂತೆ ನನ್ನ ಮಾತಿನ ಹುಚ್ಚುತನ ನನಗೇ ಕೇಳಿಸುತ್ತಿತ್ತು. ಕಾಕಾ ಡಬ್ಬಿಯ ಬದಿಯ ತೂತನ್ನು ಬೆರಳಿನಿಂದ ಸವರಿದರು.

"ನನ್ನ ಡಬ್ಬಿಗೇ ತೂತ ಹೊಡದು, ನನ್ನ ಮ್ಯಾಲೇ ಸಾಕ್ಷಿ ತಯಾರ ಮಾಡೀರಿ," ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅದನ್ನ ಎಷ್ಟ ಮಂದೀಗೆ ತಿನಿಸಿದಿ? ಬಣ್ಣ ಬಳದಾರಂತ ಒಳಗ."

ಕಾಕೂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅದು ನಗುವೋ ಗಾಬರಿಯೋ ನನಗೆ ತಿಳಿಯಲಿಲ್ಲ.

ಅಲ್ಲಿ ಎರಡು ದಾರಿ ಇತ್ತು. ಡಬ್ಬಿಯನ್ನು ಮುಚ್ಚಿ ಬೆಳಗಾವಿಗೆ ಒಯ್ದು, ಕತ್ತಲಲ್ಲಿ ಕಾಗದ ತೆಗೆದು ಸ್ಕ್ಯಾನ್ ಮಾಡುವುದು. ಉಳಿದದ್ದಷ್ಟು ಉಳಿಯುತ್ತಿತ್ತು, ಕಂಪ್ಯೂಟರಿನಲ್ಲಿ ತಿದ್ದಿ ಚೆನ್ನಾಗಿ ಕಾಣಿಸಬಹುದಿತ್ತು. ಇನ್ನೊಂದು, ಇಲ್ಲೇ ಬಿಚ್ಚುವುದು. ಈ ಕಾಗದಕ್ಕೆ ಬೆಳಕು ನಿಲ್ಲುವುದಿಲ್ಲ. ನೋಡಿದಷ್ಟೂ ಕಪ್ಪಾಗುತ್ತ ಹೋಗುತ್ತದೆ. ಈಗಾಗಲೇ ಎಷ್ಟು ಹಾಳಾಗಿತ್ತೋ ಗೊತ್ತಿರಲಿಲ್ಲ. ಇಲ್ಲಿ ಬಿಚ್ಚಿದರೆ ನನ್ನ ಇಡೀ ಚಳಿಗಾಲದ ಕೆಲಸ ಈ ಮನೆಯ ನೆಲದ ಮೇಲೆಯೇ ಮುಗಿಯುತ್ತಿತ್ತು. ಆದರೆ ತಿದ್ದಿದ ಚಿತ್ರವನ್ನು ಮತ್ತೆ ಇದೇ ಪಡಸಾಲೆಗೆ ತಂದರೆ ಅದಕ್ಕೆ ಸಿಗುವ ಉತ್ತರ ಗೊತ್ತಿತ್ತು: ಮೀಸೆ, ಕೊಂಬು. ಗೋಡೆ ಕಟ್ಟುವ ಗೌಂಡಿ ನಾಡಿದ್ದು ಬರುವವನಿದ್ದ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

ಒಂದು ಕತ್ತಲಿನ ಕೋಣೆ ಮತ್ತು ಒಂದು ದೊಡ್ಡ ತಾಟು ಕೊಡಿ ಎಂದು ಕೇಳಿದೆ.

ಕಾಳುಕಡಿ ಇಡುವ ಕಿಟಕಿಯಿಲ್ಲದ ಕೋಣೆಯಲ್ಲಿ ನಾಲ್ವರೂ ನಿಂತೆವು. ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಟ್ಟೆ. ಕುಸುರೆಳ್ಳನ್ನು ತಾಟಿಗೆ ಸುರಿದು, ಕಾಗದವನ್ನು ಮೆಲ್ಲಗೆ ಎಳೆದು, ತಲೆಕೆಳಗು ಮಾಡಿ ಹಿಡಿದೆ. ಲೇಪದ ಮುಖ ಸರಿಯಾಗಿಯೇ ಇತ್ತು.

ನೆಲದ ಭಾಗ ಬಹುಪಾಲು ಹೋಗಿತ್ತು. ಮುಂಜಾನೆಯಿಂದ ಮುಚ್ಚಳ ತೆಗೆದಾಗಲೆಲ್ಲ ಬೆಳಕು ಬಿದ್ದದ್ದು ಆ ಅಂಚಿಗೆ. ಕುಸುರೆಳ್ಳಿನ ಕೆಲವು ಕಾಳು ಅಂಟಿದ್ದಲ್ಲಿ ಮಾತ್ರ ಬಿಳಿ ಚುಕ್ಕೆಗಳು ಉಳಿದಿದ್ದವು. ಆಕಾಶ ಹೋಗಿರಲಿಲ್ಲ. ಡಬ್ಬಿಯಲ್ಲಿ ಆಕಾಶ ಕೆಳಗಿತ್ತು, ಆಯಿಯ ಕುಸುರೆಳ್ಳು ಅದನ್ನು ಪೂರ್ತಿ ಮುಚ್ಚಿ ಕಾಪಾಡಿತ್ತು. ಅಲ್ಲಿ ಗೆರೆಗಳಿದ್ದವು, ಒತ್ತೊತ್ತಾಗಿ, ಒಂದರ ಪಕ್ಕ ಒಂದು, ಓರೆಯಾಗಿ ಮೇಲೇರಿದ್ದವು. ಮೋಡ ಬಂದ ಕಡೆ ತುಂಡಾಗಿದ್ದವು.

"ಶಾವಗಿ ಎಳಿ ಇದ್ದಂಗ ಅದಾವ," ಎಂದರು ಕಾಕೂ.

"ಸೂರ್ಯಾ ಕರ್ರಗ ಹೆಂಗ ಆದ?" ಎಂದರು ಕಾಕಾ. ಇಲ್ಲಿ ಬೆಳಕು ಬಿದ್ದದ್ದೇ ಕಪ್ಪಾಗುತ್ತದೆ ಎಂದೆ. ಅವರು ಚಷ್ಮಾ ಸರಿಮಾಡಿಕೊಂಡು ಬಾಗಿದರು. ಹಾಳಾದ ಅಂಚಿನಲ್ಲಿ ಮಸುಕಾಗಿ ಒಂದು ಚಾವಣಿಯ ಗೆರೆ, ಅದರ ಮೇಲೆ ನೀರಿನ ಟಾಕಿಯ ಆಕಾರ ಇನ್ನೂ ಕಾಣುತ್ತಿತ್ತು. ತುಸು ಹೊತ್ತು ನೋಡಿ ಅವರು ಬೆನ್ನು ನೆಟ್ಟಗೆ ಮಾಡಿದರು. "ಇದು ನನ್ನ ಮನಿ ಅಲ್ಲ. ನನ್ನ ಟಾಕಿ ಬಲಕ್ಕ ಐತಿ, ಇದರಾಗ ಎಡಕ್ಕ ಐತಿ."

ಡಬ್ಬಿಯಲ್ಲಿ ಎಡಬಲ ಅದಲುಬದಲಾಗುತ್ತದೆ ಎಂದು ವಿವರಿಸಲು ಬಾಯಿ ತೆರೆದೆ. ಅವರ ಮುಖ ನೋಡಿ ನಿಲ್ಲಿಸಿದೆ. ಸೀಮೆಸುಣ್ಣದ ದಿನದ ಮುಖವೇ ಅದು. ಕಾಗದದ ಅಂಚು ನೋಡುತ್ತಿದ್ದಂತೆಯೇ ಕಪ್ಪೇರುತ್ತಿತ್ತು.

"ಕಾಕೂ, ಒಂದು ಕನ್ನಡಿ ಕೊಡ್ರಿ," ಎಂದೆ.

ಅವರು ಕುಂಕುಮ ಹಚ್ಚಿಕೊಳ್ಳುವ ಕೈಗನ್ನಡಿ ತಂದರು, ಅದರ ಮೂಲೆಯಲ್ಲಿ ಅಂಟಿಸಿಟ್ಟ ಹಣೆಯ ಟಿಕಳಿ ಇತ್ತು. ಅದನ್ನು ಕಾಕಾ ಅವರ ಕೈಯಲ್ಲೇ ಕೊಟ್ಟು, ಕಾಗದವನ್ನು ಅದರ ಎದುರು ಹಿಡಿದೆ. ಕನ್ನಡಿಯಲ್ಲಿ ಟಾಕಿ ಬಲಕ್ಕೆ ಬಂತು. ಎಡಕ್ಕೆ ಬಯಲು ಚಾಚಿಕೊಂಡಿತು. ಬಯಲಿನ ಮೇಲೆ ಒಂದೂ ಗೆರೆ ಇರಲಿಲ್ಲ. ಅಷ್ಟೂ ದಿನಗಳ ಅಷ್ಟೂ ಸೂರ್ಯ ಅವರ ಚಾವಣಿಯ ಅಂಚಿನಿಂದ ಎದ್ದು, ಅವರು ಗೋಡೆ ಏರಿಸಲಿದ್ದ ಜಾಗದ ಮೂಲಕವೇ ಹಾದು ಹೋಗಿದ್ದ. ನಾನು ಹೆಬ್ಬೆರಳನ್ನು ಕಾಗದದ ಮೇಲೆ ಅಡ್ಡ ಇಟ್ಟು, ಗೋಡೆ ಇಲ್ಲಿಗೆ ಬಂದರೆ ಇಷ್ಟು ಹೋಗುತ್ತದೆ, ತುಸು ಹಿಂದೆ ಸರಿದರೆ ಇಷ್ಟು ಉಳಿಯುತ್ತದೆ ಎಂದು ತೋರಿಸಿದೆ.

ಕಾಕಾ ತಮ್ಮ ಫೋನ್ ತೆಗೆದು ಕನ್ನಡಿಯ ಚಿತ್ರ ಹೊಡೆದರು. ನಾನು ತೆಗೆಯುತ್ತೇನೆ ಎಂದದ್ದಕ್ಕೆ ಬೇಡವೆಂದು ತಲೆಯಾಡಿಸಿದರು. ಚಿತ್ರ ತುಸು ಮಸುಕಾಗಿದೆ. ಇವತ್ತು ಉಳಿದಿರುವುದು ಅದೊಂದೇ. ಕಾಗದ ಆ ಸಂಜೆಯೊಳಗೆ ಪೂರ್ತಿ ಕಂದಾಯಿತು.

ಆಗಲೇ ಅವರು "ಖರೇ ಐತಿ" ಎಂದರು ಎಂದು ನನ್ನ ನೆನಪು. ಅಕ್ಕನಿಗೆ ಹಾಗಿಲ್ಲ. ಚಹಾ ಬಂತು, ಕುಡಿದೆವು, ಕುಸುರೆಳ್ಳನ್ನು ಯಾರೂ ಮುಟ್ಟಲಿಲ್ಲ. ಕಾಕಾ ಮಳೆಯ ಬಗ್ಗೆ ಏನೋ ಹೇಳಿದರು. ಗೋಡೆಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಎತ್ತಿದ್ದರೆ ಇವತ್ತಿನ ಈ ಅನುಮಾನ ಇರುತ್ತಿರಲಿಲ್ಲವೇನೋ.

ಗೌಂಡಿ ಬಂದ. ಅಕ್ಕ ಫೋನಿನಲ್ಲಿ ಗ್ವಾಡಿ ಏಳಾಕ್ಹತ್ತೈತಿ ಎಂದಳು, ಬೇರೇನೂ ಹೇಳಲಿಲ್ಲ. ನಾನು ಕೇಳಲಿಲ್ಲ. ಕಾಲೇಜಿನ ಪರೀಕ್ಷೆಗಳ ನೆಪ ಹೇಳಿ ಬಹಳ ದಿನ ಖಾನಾಪುರಕ್ಕೇ ಹೋಗಲಿಲ್ಲ. ಕೊನೆಗೆ ಹೋದಾಗ ಹೊಸ ಅಂತಸ್ತು ಎದ್ದಿತ್ತು, ನಮ್ಮ ಮಾಳಿಗೆಯ ಅಂಚಿನಿಂದಲ್ಲ, ಒಂದು ಕೋಣೆಯಷ್ಟು ಹಿಂದೆ ಸರಿದು. ಮುಂದೆ ಬಿಟ್ಟ ಜಾಗದಲ್ಲಿ ಕಾಕೂ ಅವರ ಸೀರೆಗಳು ಒಣಗುತ್ತಿದ್ದವು. ಕಾಕಾ ಓಣಿಯಲ್ಲಿ ಹೇಳಿದ್ದು, ಮನೆಯಾಕೆಗೆ ಬಟ್ಟೆ ಒಣಗಿಸಲು ಜಾಗ ಬೇಕಿತ್ತು, ಅದಕ್ಕೆ ಬಿಟ್ಟೆ ಎಂದು. ಅದು ನಿಜವೇ ಇರಬಹುದು. ಚಿತ್ರದಿಂದ ಹೀಗಾಯಿತು ಎನ್ನಲು ನನ್ನ ಬಳಿ ಆಧಾರವಿಲ್ಲ. ಅಷ್ಟು ಹಿಂದೆ ಸರಿದದ್ದು ಸಾಕೇ ಎಂಬುದೂ ಆಗ ತಿಳಿಯುವಂತಿರಲಿಲ್ಲ, ಏಕೆಂದರೆ ಬೇಸಿಗೆಯಲ್ಲಿ ಸೂರ್ಯ ಬಯಲಿನ ಕಡೆಯಿಂದಲೇ ಏಳುತ್ತಾನೆ. ಆ ಕಾಲಕ್ಕೆ ಕಾಕಾ ಹೇಳುತ್ತಿದ್ದದ್ದೂ ಸುಳ್ಳಲ್ಲ. ಅಕ್ಕ ತನ್ನ ಹೆಣ್ಣುಮಕ್ಕಳನ್ನು ಮತ್ತೆ ಕರೆದಿದ್ದಳು, ಥಂಡಿ ಬರೂತನಕಾ ನೋಡೂಣು ಎಂದು.

ಮುಂದಿನ ಧನುರ್ಮಾಸದ ಒಂದು ಮುಂಜಾನೆ ಹೋಗಿ ಮಾಳಿಗೆಯ ಮೇಲೆ ನಿಂತೆ. ಅಕ್ಕ ಮೊದಲ ಚಾಪೆ ಹಾಸಿ ಸಂಡಿಗೆ ಇಡಲು ಕೂರುವ ಹೊತ್ತಿಗೆ, ಹೊಸ ಗೋಡೆಯ ನೆರಳು ಆಗಲೇ ಚಾಪೆಯ ಅಂಚಿನಿಂದ ಒಂದು ಗೇಣು ಆಚೆಗೆ ಹಿಂದೆ ಸರಿದು, ಇನ್ನೂ ಸರಿಯುತ್ತಲೇ ಇತ್ತು; ಚಾಪೆಯ ತುಂಬ ಬಿಸಿಲಿತ್ತು.